ಅಂಗಳದ ನಾಯಿಯೂ ಶ್ರಾವಕನ ಅಣುವ್ರತವೂ

ಯಶೋಧರನ ಕಥೆ ಎಂದೊಡನೆ ನಮಗೆಲ್ಲ ನೆನಪಾಗುವುದು ಹಿಟ್ಟಿನ ಕೋಳಿ. ಜೀವವಿಲ್ಲದ ಕೋಳಿಯನ್ನು ಬಲಿಕೊಟ್ಟರೂ ಕೊಲ್ಲುವ ಸಂಕಲ್ಪವೇ ಹಿಂಸೆಯಾಯಿತು, ಅದರ ಫಲವನ್ನು ಭವಭವಗಳಲ್ಲಿ ಉಣ್ಣಬೇಕಾಯಿತು ಎಂಬ ಮಾತನ್ನು ಪ್ರವಚನಗಳಲ್ಲಿ ಕೇಳಿ ಬಲ್ಲೆವು. 1209ರಲ್ಲಿ ಜನ್ನ ಕವಿ ಕನ್ನಡದಲ್ಲಿ ಹೇಳಿದ ಆ ಕಥೆಯಲ್ಲಿ ಒಂದು ನಾಯಿಯೂ ಇದೆ. ಅದರ ಮೇಲೆ ನಮ್ಮ ಕಣ್ಣು ಅಷ್ಟಾಗಿ ಬೀಳುವುದಿಲ್ಲ. ಯಶೋಧರನು ನವಿಲಾಗಿಯೂ ಅವನ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟಿ, ಕಾಣಿಕೆಯ ರೂಪದಲ್ಲಿ ಬಂದು ಸೇರುವುದು ತಮ್ಮದೇ ಅರಮನೆಗೆ. ಆಗ ಅಲ್ಲಿ ಅರಸನಾಗಿರುವವನು ಯಶೋಧರನ ಮಗ ಯಶೋಮತಿ. ಒಂದು ದಿನ ನಾಯಿ ನವಿಲಿನ ಮೇಲೆರಗುತ್ತದೆ. ಸಿಟ್ಟಿಗೆದ್ದ ಅರಸನ ಏಟಿಗೆ ನಾಯಿಯೂ ಸಾಯುತ್ತದೆ, ನವಿಲೂ ಉಳಿಯುವುದಿಲ್ಲ. ತಾನು ಸಾಕಿದ್ದು ತಂದೆಯನ್ನು, ಕೊಂದದ್ದು ಅಜ್ಜಿಯನ್ನು ಎಂಬುದು ಅವನಿಗೆ ತಿಳಿಯದು.

ಇದನ್ನು ಓದಿದವರು ತಮ್ಮ ಮನೆಯ ನಾಯಿ ಯಾವ ಜನ್ಮದ ಬಂಧುವೋ ಎಂದು ಅನುಮಾನಿಸುತ್ತ ಕೂರಬೇಕಾಗಿಲ್ಲ. ನನ್ನನ್ನು ಕಾಡಿದ್ದು ಬೇರೊಂದು ಸಂಗತಿ. ಯಶೋಮತಿ ಆ ಪ್ರಾಣಿಗಳನ್ನು ದ್ವೇಷದಿಂದ ಇರಿಸಿಕೊಂಡಿರಲಿಲ್ಲ, ಮೆಚ್ಚಿಯೇ ಸಾಕಿದ್ದ. ಮೆಚ್ಚುಗೆ ಇತ್ತು, ಎದುರಿಗಿರುವ ಜೀವ ಎಂಥದೆಂಬ ಅರಿವು ಇರಲಿಲ್ಲ. ಇಂದು ನಾಯಿ ಬೆಕ್ಕುಗಳನ್ನು ಸಾಕುವ ನಮ್ಮ ಅನೇಕ ಮನೆಗಳ ಸ್ಥಿತಿಯೂ ಇದೇ ಎಂದರೆ ಓದುಗರು ಬೇಸರಿಸಬಾರದು. ಆ ಮನೆಗಳಲ್ಲಿ ನನ್ನದೂ ಒಂದಾಗಿತ್ತು.

ಹಿಂದೆ ಶ್ರಾವಕರ ಮನೆಗಳಲ್ಲಿ ನಾಯಿಗೆ ಹೆಬ್ಬಾಗಿಲಿನ ಹೊರಗೆ, ಬೆಕ್ಕಿಗೆ ಭತ್ತದ ಕಣಜದ ಬಳಿ ಸ್ಥಾನವಿತ್ತು. ಈಗ ಎರಡೂ ನಡುಮನೆಗೆ ಬಂದಿವೆ, ಸೋಫಾ ಏರಿವೆ. ಅವಕ್ಕೆ ಹೆಸರುಂಟು, ಹುಟ್ಟುಹಬ್ಬವುಂಟು. ಬಸದಿಯ ಅಂಗಳದಲ್ಲಿ ಮಾತಿಗೆ ಸಿಗುವ ಹಿರಿಯರು ಇದನ್ನು ಕಂಡು ಮುಖ ಸಿಂಡರಿಸುತ್ತಾರೆ. ಅಡುಗೆಮನೆಯ ಶುದ್ಧಿ ಕೆಡುವುದೆಂಬ ಚಿಂತೆ ಅವರದು. ಕಿರಿಯರು, ಎಲ್ಲ ಜೀವಗಳಲ್ಲೂ ಕರುಣೆಯಿರಲಿ ಎಂದು ಕಲಿಸಿದವರು ನೀವೇ ಅಲ್ಲವೇ ಎನ್ನುತ್ತಾರೆ. ಇಬ್ಬರ ಮಾತಿಗೂ ಆಗಮದಲ್ಲಿ ಆಧಾರವಿದೆ.

ಮೊದಲು ಕಿರಿಯರ ಪರವಾದುದನ್ನು ನೋಡೋಣ. ಜಿನಮತದಲ್ಲಿ ನಾಯಿ ಬೆಕ್ಕುಗಳು ಸಂಜ್ಞಿ ಪಂಚೇಂದ್ರಿಯ ತಿರ್ಯಂಚರು. ಎಂದರೆ ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳ ಜೀವಿಗಳು. ಕಲಿಯಬಲ್ಲವು, ನೆನಪಿಡಬಲ್ಲವು, ಹಿತಾಹಿತವನ್ನು ತಕ್ಕಮಟ್ಟಿಗೆ ತೂಗಬಲ್ಲವು. ತಿರ್ಯಂಚ ಗತಿಯಲ್ಲಿದ್ದುಕೊಂಡೇ ಸಮ್ಯಗ್ದರ್ಶನ ಪಡೆಯಲು, ದೇಶವ್ರತಗಳನ್ನು ಧರಿಸಲು ಕೂಡ ಇಂಥ ಜೀವಗಳಿಗೆ ಅವಕಾಶವಿದೆ. ತೀರ್ಥಂಕರರ ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದು ಪ್ರಾಣಿಗಳದ್ದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಧರ್ಮದ ಮಹಿಮೆಯನ್ನು ಹೇಳಲು ಹೊರಟಾಗ, ಏರುವುದಕ್ಕೂ ಇಳಿಯುವುದಕ್ಕೂ ಉದಾಹರಣೆಯಾಗಿ ತೆಗೆದುಕೊಂಡದ್ದು ದೇವನನ್ನೂ ನಾಯಿಯನ್ನೂ. ಧರ್ಮವೊಂದರ ಬಲದಿಂದ ಇವು ಅದಲುಬದಲಾಗಬಲ್ಲವು ಎಂಬುದು ಅಲ್ಲಿನ ತಾತ್ಪರ್ಯ.

ಜೀವಂಧರನ ಕಥೆ ಇದಕ್ಕೆ ಕನ್ನಡಿ ಹಿಡಿದಂತಿದೆ. ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ಬಡಿಸಿಕೊಂಡು ಸಾಯುತ್ತಿದ್ದ ಬೀದಿನಾಯಿಯನ್ನು ಕಂಡು ಜೀವಂಧರ ಕುಮಾರನು ಅದರ ಬಳಿ ಕುಳಿತು ಪಂಚನಮಸ್ಕಾರ ಮಂತ್ರವನ್ನು ಹೇಳಿದ. ಆ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕಾಷ್ಠಾಂಗಾರನು ಕುಮಾರನನ್ನು ಕೊಲ್ಲಿಸಲು ಹೊರಟಾಗ ಬಂದು ಕಾಪಾಡಿತು. ವಾದೀಭಸಿಂಹರ ಕ್ಷತ್ರಚೂಡಾಮಣಿಯಲ್ಲಿ ಬರುವ ಈ ಪ್ರಸಂಗವನ್ನು ಭಾಸ್ಕರ ಕವಿ 1424ರಲ್ಲಿ ಜೀವಂಧರ ಚರಿತೆಯಾಗಿ ಕನ್ನಡಿಗರ ಮನೆಮನೆಗೆ ತಲಪಿಸಿದ. ಗಮನಿಸಬೇಕಾದದ್ದೆಂದರೆ, ಅದು ಕುಮಾರನ ಸ್ವಂತ ನಾಯಿಯಲ್ಲ. ಅವನು ಅದನ್ನು ಕೊಂಡಿರಲಿಲ್ಲ, ಅದರಿಂದ ಅವನಿಗೆ ಕಾವಲೂ ಬೇಕಾಗಿರಲಿಲ್ಲ.

ಇನ್ನು ಹಿರಿಯರ ಪರವಾದುದು. ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಆಯುಧಗಳ ವ್ಯಾಪಾರದ ಜೊತೆಯಲ್ಲಿಯೇ ಅನರ್ಥದಂಡವೆಂದು ಎಣಿಸಿದೆ. ಶ್ವೇತಾಂಬರ ಪರಂಪರೆಯ ಗ್ರಂಥಗಳೂ ನಾಯಿ ಬೆಕ್ಕು ಕೋಳಿಗಳ ಪೋಷಣೆಯನ್ನು ಶ್ರಾವಕನು ಬಿಡಬೇಕಾದ ಕರ್ಮಾದಾನಗಳಲ್ಲಿ ಸೇರಿಸಿವೆ. ಇದು ಆ ಪ್ರಾಣಿಗಳ ಮೇಲಿನ ತಿರಸ್ಕಾರವಲ್ಲ. ಕಣಜದ ಇಲಿ ಹಿಡಿಯಲೆಂದು ಬೆಕ್ಕನ್ನು ಸಾಕಿದವನು ಇಲಿಯನ್ನು ತನ್ನ ಕೈಯಿಂದ ಕೊಲ್ಲಲಿಲ್ಲ, ನಿಜ. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಲ್ಲಿ ಎರಡನೆಯದನ್ನು ಅವನು ತೆರೆದಿಟ್ಟಿದ್ದಾನೆ. ಬೇಟೆಗೆಂದು ನಾಯಿ ಸಾಕಿದವನ ಸಂಗತಿಯೂ ಇದೇ.

ಎರಡನ್ನೂ ಕೂಡಿಸಿ ನೋಡಿದಾಗ ನನಗೆ ಕಾಣುವ ದಾರಿ ಇಷ್ಟು: ಹಣ ಕೊಟ್ಟು, ಅಂದಕ್ಕೋ ಅಂತಸ್ತಿಗೋ ನಾಯಿ ಬೆಕ್ಕುಗಳನ್ನು ಕೊಂಡುತರುವುದು ಶ್ರಾವಕನಿಗೆ ತಕ್ಕುದಲ್ಲ. ಮಾರಾಟಕ್ಕೆಂದೇ ಮರಿ ಹಾಕಿಸುವ ಕಡೆ ತಾಯಿನಾಯಿ ಗೂಡಿನಲ್ಲೇ ಬಸುರಿ ಬಾಣಂತನಗಳಲ್ಲಿ ಸವೆಯುವುದುಂಟು. ಎಂಟು ವಾರವಾದರೂ ತಾಯಿಯ ಮಗ್ಗುಲಲ್ಲಿ ಇರಬೇಕಾದ ಮರಿ ಅದಕ್ಕೂ ಮೊದಲೇ ಪೆಟ್ಟಿಗೆ ಸೇರುವುದುಂಟು. ನಾವು ತೆತ್ತ ಹಣ ಅದನ್ನೆಲ್ಲ ಅನುಮೋದಿಸಿದಂತೆಯೇ ಸರಿ. ಆದರೆ ಮಳೆಯಲ್ಲಿ ನಡುಗುತ್ತ ಬಂದ ಬೀದಿಮರಿ, ಯಾರೋ ಬಿಟ್ಟುಹೋದ ಬೆಕ್ಕು, ಇಂಥವಕ್ಕೆ ಬಾಗಿಲು ತೆರೆಯುವುದು ಬೇರೆ ಮಾತು. ಜೀವಂಧರನು ನಾಯಿಯ ಬಳಿ ಕುಳಿತಾಗ ಅನರ್ಥದಂಡದ ಲೆಕ್ಕ ಹಾಕಲಿಲ್ಲ.

ಹೀಗೆ ಒಮ್ಮೆ ಬಾಗಿಲು ತೆರೆದ ಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಅದರ ಪ್ರಶ್ನಪತ್ರಿಕೆ ಒಂದೂವರೆ ಸಾವಿರ ವರ್ಷಗಳಿಗೂ ಹಿಂದೆಯೇ ಸಿದ್ಧವಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನನೀರು ತಡೆಯುವುದು. ನಿತ್ಯ ಸ್ವಾಧ್ಯಾಯದಲ್ಲಿ ನಾವು ಇವನ್ನು ಬಾಯಿಪಾಠ ಒಪ್ಪಿಸಿ ಮುಂದೆ ಹೋಗುತ್ತೇವೆ. ಇವುಗಳಲ್ಲಿ ಯಾವುದೂ ಕೊಲೆಯಲ್ಲ. ಕೊಲ್ಲದೆಯೂ ವ್ರತಕ್ಕೆ ಕಲೆ ಹತ್ತುವುದು ಹೇಗೆಂದು ಹೇಳುವ ಪಟ್ಟಿ ಇದು. ಹಾಗೆ ಹೇಳುವಾಗ ಸೂತ್ರಕಾರರ ಕಣ್ಣ ಮುಂದೆ ಇದ್ದದ್ದು ಮುಖ್ಯವಾಗಿ ಮನುಷ್ಯನ ವಶದಲ್ಲಿರುವ ಜೀವಗಳು. ನಮ್ಮ ದೇಶದ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮನ್ನು ಓದಿದರೆ ಅಚ್ಚರಿಯಾಗುತ್ತದೆ. ಹೊಡೆಯುವುದು, ಅತಿಯಾದ ಹೊರೆ ಹೇರುವುದು, ತೀರ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದು, ಅಂಗಹೀನಗೊಳಿಸುವುದು, ಅನ್ನ ನೀರು ನೆಲೆ ಕೊಡದಿರುವುದು, ಇವೆಲ್ಲ ಅಲ್ಲಿ ಅಪರಾಧಗಳು. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿದ್ದರೆ ಅದೂ ಒಡೆಯನ ತಪ್ಪೇ. ಸೂತ್ರದ ಐದೂ ಸಂಗತಿಗಳು ಕಾಯ್ದೆಯಲ್ಲಿವೆ. ಕಾಯ್ದೆಗೆ ದಂಡ ತೆತ್ತು ಪಾರಾಗಬಹುದು, ಅಷ್ಟೇ ವ್ಯತ್ಯಾಸ.

ಮೊದಲನೆಯದಾದ ಬಂಧದ ಬಳಿ ಸ್ವಲ್ಪ ನಿಲ್ಲಬೇಕು. ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧವನ್ನು ವಿವರಿಸುವಾಗ ಹಗ್ಗವನ್ನಾಗಲಿ ಸರಪಳಿಯನ್ನಾಗಲಿ ಮುಂದಿಡುವುದಿಲ್ಲ. ಜೀವವು ತಾನು ಬಯಸಿದ ಕಡೆಗೆ ಹೋಗದಂತೆ ಮಾಡುವ ತಡೆಯೇ ಬಂಧ ಎಂಬರ್ಥದಲ್ಲಿ ಹೇಳುತ್ತಾರೆ. ಹಾಗಾದರೆ ಎಂಟನೆಯ ಅಂತಸ್ತಿನ ಬಾಲ್ಕನಿಯೂ ಬಂಧವಾಗಬಹುದು. ನಂತರದ ವ್ಯಾಖ್ಯಾನಕಾರರು ಇದನ್ನು ಇನ್ನೂ ಸೂಕ್ಷ್ಮಗೊಳಿಸಿ ಸಾಪೇಕ್ಷ ಬಂಧ, ನಿರಪೇಕ್ಷ ಬಂಧ ಎಂದು ವಿಂಗಡಿಸಿದರು. ಪ್ರಾಣಿಯ ಹಿತವನ್ನು ಮನಸ್ಸಿನಲ್ಲಿಟ್ಟುಕೊಂಡು, ಬೆಂಕಿ ಬಿದ್ದರೆ ಒಡನೆ ಬಿಚ್ಚಲಾಗುವಂತೆ ಸಡಿಲವಾಗಿ ಕಟ್ಟುವುದು ಸಾಪೇಕ್ಷ. ಅದರ ಪಾಡು ಏನಾದರಾಗಲಿ ಎಂದು ಬಿಗಿಯಾಗಿ ಕಟ್ಟುವುದು ನಿರಪೇಕ್ಷ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನಿಗೆ ಹೇಳುವುದೂ ಇದನ್ನೇ: ಸಾಧ್ಯವಾದರೆ ಕಟ್ಟದೆಯೇ ಇರಿಸಿಕೊಳ್ಳಲಿ, ಕಟ್ಟಲೇಬೇಕಾದರೆ ನಿರ್ದಯೆಯಿಂದ ಕಟ್ಟದಿರಲಿ. ರಸ್ತೆಯಲ್ಲಿ ವಾಹನಕ್ಕೆ ಸಿಗದಿರಲೆಂದು ನಾಯಿಗೆ ಹಗ್ಗ ಹಾಕಿ ತಿರುಗಾಡಿಸುವುದು ಸಾಪೇಕ್ಷ. ಅದೇ ಹಗ್ಗವನ್ನು ಕಿಟಕಿಯ ಕಂಬಿಗೆ ಬಿಗಿದು ದಿನವಿಡೀ ಕಚೇರಿಗೆ ಹೋಗುವುದು ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ತೋಟದ ಮನೆಯಲ್ಲಿ ಕರಿಯನೆಂಬ ನಾಯಿ ಇತ್ತು. ತಂದೆಯವರು ಬಸದಿಗೆ ಹೋಗದೆ ಬಾಯಿಗೆ ನೀರು ಹಾಕದವರು. ಇರುವೆಯ ಸಾಲು ಕಂಡರೆ ಸುತ್ತು ಬಳಸಿ ನಡೆಯುವವರು. ಆದರೆ ಕರಿಯ ಬೆಳಗಿನಿಂದ ರಾತ್ರಿಯವರೆಗೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡಿರುತ್ತಿದ್ದ. ಸರಪಳಿ ಮೂರು ಮೊಳವಿದ್ದಿರಬಹುದು. ಅವನು ಅತ್ತಿಂದಿತ್ತ ನಡೆದು ನಡೆದು ನೆಲದಲ್ಲಿ ಅರ್ಧಚಂದ್ರಾಕಾರದ ಒಂದು ಗುರುತು ಸವೆದುಹೋಗಿತ್ತು. ಅಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ. ನಾವು ಮಕ್ಕಳು ಅದನ್ನು ಕಂಡೂ ಕಂಡವರಲ್ಲ. ಒಂದು ವರ್ಷ ಚಾತುರ್ಮಾಸ್ಯದಲ್ಲಿ ಆಹಾರಕ್ಕೆ ದಯಮಾಡಿಸಿದ್ದ ಮಾತಾಜಿಯವರು ಹೊರಡುವಾಗ ಆ ಗುರುತಿನ ಎದುರು ನಿಂತರು. ಏನೂ ಹೇಳಲಿಲ್ಲ. ಕಂಬವನ್ನೂ ನೆಲವನ್ನೂ ನೋಡಿದರು, ಪಿಂಛಿಯನ್ನು ಎತ್ತಿ ಎಲ್ಲರಿಗೂ ಆಶೀರ್ವಾದ ಮಾಡಿದಂತೆ ಅವನಿಗೂ ಮಾಡಿ ಹೊರಟರು. ತಂದೆಯವರು ಅಂದು ಮಧ್ಯಾಹ್ನವೆಲ್ಲ ಮೌನವಾಗಿದ್ದರು. ಮರುವಾರ ಹಿತ್ತಲಿಗೆ ಬೇಲಿ ಹಾಕಿಸಿ ಸರಪಳಿ ಬಿಚ್ಚಿದರು. ವಿಚಿತ್ರವೆಂದರೆ, ಬಿಚ್ಚಿದ ಮೇಲೂ ಬಹಳ ದಿನ ಕರಿಯ ಆ ಅರ್ಧಚಂದ್ರವನ್ನು ದಾಟಲಿಲ್ಲ. ಅದರ ಅಂಚಿಗೆ ಬಂದು ತಿರುಗಿಬಿಡುತ್ತಿದ್ದ.

ವಧ ಎಂದರೆ ಇಲ್ಲಿ ಕೋಲು ಚಾವಟಿಗಳ ಹೊಡೆತ. ಇದರ ಬಗ್ಗೆ ಒಂದೇ ಮಾತು. ಬೆಳಿಗ್ಗೆ ಚಪ್ಪಲಿ ಕಚ್ಚಿದ ನಾಯಿಗೆ ಸಂಜೆ ಹೊಡೆದರೆ ಆ ಹೊಡೆತ ಚಪ್ಪಲಿಗಾಗಿ ಎಂದು ಅದಕ್ಕೆ ಅರ್ಥವಾಗದು. ಕಿವಿ ಹಿಂದಕ್ಕೆ ಮಡಚಿ, ಕಣ್ಣು ತಪ್ಪಿಸಿ ಕೂರುವ ಅದರ ಭಂಗಿಯನ್ನು ನಾವು ತಪ್ಪೊಪ್ಪಿಗೆ ಎಂದುಕೊಳ್ಳುತ್ತೇವೆ; ಅದು ನಮ್ಮ ಸಿಟ್ಟಿನ ಮುಖ ಕಂಡು ಬಂದ ಭಯ. ಕಷಾಯ ನಮ್ಮದು, ಪೆಟ್ಟು ಅದರದು.

ಛೇದವನ್ನು ಪೂಜ್ಯಪಾದರು ಕಿವಿ ಮೂಗು ಮೊದಲಾದ ಅವಯವಗಳನ್ನು ತೆಗೆದುಹಾಕುವುದೆಂದು ವಿವರಿಸಿದ್ದಾರೆ. ಅವರು ಇಂದಿನ ಡಾಬರ್‌ಮನ್ ನಾಯಿಗಳನ್ನು ಕಂಡವರಲ್ಲ. ಆದರೂ ನೋಟಕ್ಕೆ ಗತ್ತು ಬರಲೆಂದು ಆ ತಳಿಯ ಮರಿಗಳ ಕಿವಿ ಕತ್ತರಿಸಿ ನೆಟ್ಟಗೆ ನಿಲ್ಲಿಸುವ, ಬಾಲ ಮೊಟಕುಗೊಳಿಸುವ ಚಾಳಿಯನ್ನು ಕಂಡಾಗ ಆ ವಾಕ್ಯ ಇಂದೇ ಬರೆದಂತೆ ತೋರುತ್ತದೆ. ನಾಯಿ ತನ್ನ ಮನಸ್ಸನ್ನು ಹೇಳುವುದೇ ಕಿವಿ ಬಾಲಗಳಿಂದ. ಅವನ್ನು ಕತ್ತರಿಸುವುದು ಅದರ ಮಾತನ್ನೇ ಕತ್ತರಿಸಿದಂತೆ.

ಇಲ್ಲಿಯೇ ಒಂದು ತೊಡಕಿನ ಪ್ರಶ್ನೆ ಎದುರಾಗುತ್ತದೆ. ಸಂತಾನಹರಣ ಚಿಕಿತ್ಸೆಯೂ ಛೇದವಲ್ಲವೇ? ಹೌದೆನ್ನುವ ಧರ್ಮಬಂಧುಗಳಿದ್ದಾರೆ, ಅವರ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಮನೆಗಳಲ್ಲಿ ಬೆಕ್ಕು ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕಿದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಕಣ್ಣು ತೆರೆದು ನಾಲ್ಕು ದಿನವಾಗದ ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ, ಹೊತ್ತು ಮುಳುಗಿದ ಮೇಲೆ ಮೀನು ಮಾರುಕಟ್ಟೆಯ ಬಳಿ ಬಿಟ್ಟುಬರುವುದು ನಮ್ಮ ಕರಾವಳಿಯ ಕಡೆ ಹೊಸ ಸಂಗತಿಯಲ್ಲ. ಅಲ್ಲಿ ಅವಕ್ಕೆ ಆಹಾರ ಸಿಗುತ್ತದೆ ಎಂಬುದು ಸಮಾಧಾನ. ತಾಯಿಯ ಹಾಲನ್ನಲ್ಲದೆ ಬೇರೇನನ್ನೂ ತಿನ್ನಲರಿಯದ ಮರಿಗೆ ಮೀನು ಮಾರುಕಟ್ಟೆಯಲ್ಲಿ ಸಿಗುವುದು ನಾಯಿಯ ಬಾಯಿ, ವಾಹನದ ಚಕ್ರ. ಕೈಗೆ ರಕ್ತ ಹತ್ತಲಿಲ್ಲವೆಂದು ವ್ರತ ಉಳಿಯಿತೇ? ಹಿಂಸೆಯ ಮೂಲ ಪ್ರಮಾದದಲ್ಲಿದೆ ಎನ್ನುವ ಆಗಮದ ದೃಷ್ಟಿಯಿಂದ ನೋಡಿದರೆ, ಪಶುವೈದ್ಯರು ಅರಿವಳಿಕೆ ಕೊಟ್ಟು ಎಚ್ಚರದಿಂದ ಮಾಡುವ ಚಿಕಿತ್ಸೆಗಿಂತ ಆ ಗೋಣಿಚೀಲದಲ್ಲಿ ಪ್ರಮಾದ ಹೆಚ್ಚು. ನನ್ನ ಒಲವು ಚಿಕಿತ್ಸೆಯ ಕಡೆಗಿದೆ. ಅದು ಪೂರ್ತಿ ನಿರ್ದೋಷವೆಂದು ನಾನು ಹೇಳಲಾರೆ. ಗೃಹಸ್ಥನ ಬಾಳಿನಲ್ಲಿ ಪೂರ್ತಿ ನಿರ್ದೋಷವಾದುದು ಎಷ್ಟಿದೆ?

ಅತಿಭಾರಾರೋಪಣ ಎತ್ತು ಕತ್ತೆಗಳ ಮಾತಾಯಿತು, ಮಡಿಲಲ್ಲಿ ಮಲಗುವ ನಾಯಿಗೇನು ಭಾರ ಎನ್ನಬಹುದು. ಪಗ್ ಜಾತಿಯ ನಾಯಿಯ ಉಸಿರಾಟದ ಸದ್ದನ್ನು ಕಿವಿಗೊಟ್ಟು ಕೇಳಿ. ಮನುಷ್ಯರಿಗೆ ಮುದ್ದಾಗಿ ಕಾಣಲೆಂದು ತಲೆಮಾರುಗಳ ಕಾಲ ಮೂತಿಯನ್ನು ಮೊಟಕು ಮಾಡುತ್ತ ಬಂದು, ಕೊನೆಗೆ ಅದರ ಶ್ವಾಸಮಾರ್ಗವೇ ಇಕ್ಕಟ್ಟಾಯಿತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದೇ ಅದರ ತಂಪು. ಏದುಸಿರೇ ಸರಿಯಾಗಿ ಬಾರದ ನಾಯಿಗೆ ಬಳ್ಳಾರಿ ಕಲಬುರಗಿಗಳ ವೈಶಾಖ ಎಂಥದ್ದಿರಬಹುದು! ಹಿಮದ ನಾಡಿನಲ್ಲಿ ಬಂಡಿ ಎಳೆಯಲೆಂದು ದಟ್ಟ ತುಪ್ಪಟ ಹೊತ್ತು ಹುಟ್ಟಿದ ಹಸ್ಕಿಯನ್ನು ಇಲ್ಲಿ ತಂದು ಸಾಕುವುದೂ ಹಾಗೆಯೇ. ನಮ್ಮದೇ ನೆಲದ ಮುಧೋಳ ನಾಯಿ ಈ ಬಿಸಿಲಿಗೆ ಒಗ್ಗಿದ ಗಿಡ್ಡ ಕೂದಲಿನದು. 2005ರಲ್ಲಿ ಅಂಚೆಚೀಟಿಯ ಗೌರವವನ್ನೂ ಪಡೆಯಿತು. ಆದರೆ ಅದು ಓಟಕ್ಕೆಂದೇ ಹುಟ್ಟಿದ ಮೈ. ಎರಡು ಕೋಣೆಯ ಮನೆಯಲ್ಲಿ ಅದಕ್ಕೂ ನೆಮ್ಮದಿಯಿಲ್ಲ.

ಅನ್ನಪಾನನಿರೋಧ ನಮಗೆ ಸಂಬಂಧಿಸಿದ್ದಲ್ಲ ಎಂದು ಎಲ್ಲರೂ ತಿಳಿದಿರುತ್ತಾರೆ. ಯಾರು ತಾನೇ ಸಾಕಿದ ಪ್ರಾಣಿಯನ್ನು ಉಪವಾಸ ಕೆಡವುತ್ತಾರೆ? ನೀರಿನಿಂದಲೇ ಆರಂಭಿಸೋಣ. ಗಾಳಿಸಿದ ನೀರನ್ನು ಕುಡಿಯುವುದು ಜೈನರ ಮನೆಯ ಗುರುತು. ಅದೇ ಮನೆಯ ಹಿತ್ತಿಲಲ್ಲಿ ನಾಯಿಯ ಬಟ್ಟಲನ್ನು ಒಮ್ಮೆ ಬಗ್ಗಿ ನೋಡಿ. ಮೂರು ದಿನದ ನೀರು, ಅದರಲ್ಲಿ ಕುಣಿಯುವ ಸೊಳ್ಳೆಯ ಹುಳುಗಳು. ಅಲ್ಲಿ ನಾಯಿಗೂ ಹಿಂಸೆ, ಹುಟ್ಟಿ ಸಾಯುವ ತ್ರಸಜೀವಗಳಿಗೂ ಹಿಂಸೆ. ದಿನಕ್ಕೆರಡು ಬಾರಿ ಬಟ್ಟಲು ತೊಳೆದು ಗಾಳಿಸಿದ ನೀರು ತುಂಬಿದರೆ ಎರಡೂ ತಪ್ಪುತ್ತವೆ. ಇನ್ನು ಅನ್ನ. ಹೊತ್ತು ಮುಳುಗುವ ಮೊದಲೇ ಅಡುಗೆಮನೆ ಮುಚ್ಚುವ ಮನೆಗಳಲ್ಲಿ ನಾಯಿಗೆ ಸಿಗುವುದು ಮಧ್ಯಾಹ್ನದ ಮಿಕ್ಕಿದ್ದು. ಮಿಕ್ಕದ ದಿನ ಅದಕ್ಕೆ ಪ್ರೋಷಧೋಪವಾಸ! ಆಶ್ರಿತರಿಗೆ ಉಣಿಸಿ ಆಮೇಲೆ ಉಣ್ಣಬೇಕೆಂಬ ಶ್ರಾವಕಧರ್ಮದಲ್ಲಿ ಅಂಗಳದ ಆಶ್ರಿತರೂ ಸೇರುತ್ತಾರೆ.

ಏನನ್ನು ಉಣಿಸಬೇಕೆಂಬುದಕ್ಕೂ ತಿಳಿವಳಿಕೆ ಬೇಕು. ಈರುಳ್ಳಿ ಬೆಳ್ಳುಳ್ಳಿಗಳು ನಮಗೆ ವರ್ಜ್ಯ. ನಾಯಿ ಬೆಕ್ಕುಗಳಿಗೆ ಅವು ವಿಷವೇ, ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಈ ಒಂದು ವಿಷಯದಲ್ಲಿ ನಮ್ಮ ಅಡುಗೆಮನೆ ಅವಕ್ಕೆ ಕ್ಷೇಮ. ಆದರೆ ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು ಎಂಬುದು ಅನೇಕರಿಗೆ ತಿಳಿದಿಲ್ಲ; ಪ್ರೀತಿಯಿಂದ ಪ್ರಸಾದ ಹಂಚಿಬಿಡುತ್ತೇವೆ. ಚಾಕೊಲೇಟೂ ಸಲ್ಲದು. ಜ್ವರವೆಂದು ಮನೆಯ ಪ್ಯಾರಾಸಿಟಮಾಲ್ ಗುಳಿಗೆಯನ್ನು ಬೆಕ್ಕಿಗೆ ಕೊಟ್ಟರೆ ಅದರ ಪ್ರಾಣಕ್ಕೇ ಸಂಚಕಾರ.

ನಾಯಿ ಮನುಷ್ಯನ ಜೊತೆ ಬದುಕುತ್ತ ಪಿಷ್ಟವನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ಪಡೆದಿದೆ. ಬೇಳೆ, ಮೊಸರು, ಪನೀರು, ತರಕಾರಿಗಳನ್ನು ಸೇರಿಸಿ, ಕೊರತೆಯಾಗುವ ಪೋಷಕಾಂಶಗಳನ್ನು ಪಶುವೈದ್ಯರ ಸಲಹೆಯಂತೆ ಕೊಟ್ಟರೆ ಅದು ಸಸ್ಯಾಹಾರದಲ್ಲಿ ಬಾಳಬಲ್ಲದು. ಬರೀ ಹಾಲು ಅನ್ನದಲ್ಲಿ ಅಲ್ಲ. ಬೆಕ್ಕಿನ ವಿಚಾರ ಹೀಗಲ್ಲ. ಅದರ ದೇಹರಚನೆಯೇ ಮಾಂಸಾಹಾರಿಯದು. ಟಾರಿನ್ ಎಂಬ ಸತ್ತ್ವವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು, ಗಿಡಮೂಲದ ಆಹಾರದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಟಾರಿನ್ ಕೊರತೆಯಾದರೆ ಬೆಕ್ಕಿಗೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಬಾಗಿಲು ಹಾಕಿದ ಮನೆಯಲ್ಲಿ ಹಾಲು ಅನ್ನವೊಂದರಿಂದ ಬೆಳೆದ ಬೆಕ್ಕು ಮೆಲ್ಲಮೆಲ್ಲನೆ ಕುರುಡಾಗುವುದನ್ನು ನಾವು ಅಹಿಂಸೆ ಎನ್ನಲಾದೀತೇ? ಹಾಲೂ ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಒಗ್ಗುವುದಿಲ್ಲ.

ಪುರಾಣಗಳಲ್ಲಿ ಮಾಂಸ ತೊರೆದ ಪ್ರಾಣಿಗಳಿಲ್ಲವೇ ಎಂದು ಕೇಳುವವರಿದ್ದಾರೆ. ಇವೆ. ಮಹಾವೀರ ಸ್ವಾಮಿಯ ಪೂರ್ವಭವದ ಸಿಂಹವು ಚಾರಣ ಮುನಿಗಳಿಬ್ಬರ ಉಪದೇಶ ಕೇಳಿ ಕೊಲ್ಲುವುದನ್ನು ಬಿಟ್ಟಿತು. ಪಾರ್ಶ್ವನಾಥರ ಪೂರ್ವಭವದ ಆನೆ ಅಣುವ್ರತಗಳನ್ನು ಧರಿಸಿತು. ಆದರೆ ಅವು ತಾವೇ ಎಚ್ಚತ್ತು ತೊರೆದವು. ಆ ಮುನಿಗಳು ಸಿಂಹವನ್ನು ಕೋಣೆಯಲ್ಲಿ ಕೂಡಿಹಾಕಿ ಹಾಲು ಇಟ್ಟವರಲ್ಲ. ನಮ್ಮ ವ್ರತವನ್ನು ಅದರ ಒಪ್ಪಿಗೆಯಿಲ್ಲದೆ ಬೆಕ್ಕಿನ ಮೈಮೇಲೆ ಹೇರುವುದೂ ಒಂದು ಅತಿಭಾರಾರೋಪಣವೇ ಎಂದು ನನಗನ್ನಿಸುತ್ತದೆ. ಆದ್ದರಿಂದ ಮಾಂಸ ಮನೆಗೆ ಬರಕೂಡದೆಂಬ ನಿಯಮವಿರುವವರು ತಾವಾಗಿ ಬೆಕ್ಕನ್ನು ತರದಿರುವುದೇ ಒಳಿತು. ಹಿರಿಯರ ನಿಷೇಧದಲ್ಲಿ ಈ ವಿವೇಕವೂ ಇದೆ. ತಾನಾಗಿ ಬಂದ ಬೆಕ್ಕಾದರೆ ಪಶುವೈದ್ಯರನ್ನು ಕಂಡು, ಕೃತಕವಾಗಿ ತಯಾರಿಸಿದ ಟಾರಿನ್ ಮೊದಲಾದವನ್ನು ಕೂಡಿಸಿದ ಆಹಾರದ ಬಗ್ಗೆ ಕೇಳಿ, ಕಾಲಕಾಲಕ್ಕೆ ಅದರ ಕಣ್ಣು ಹೃದಯಗಳನ್ನು ಪರೀಕ್ಷಿಸಿಕೊಳ್ಳಬೇಕು. ಅದೂ ಸಾಲದೆಂದು ವೈದ್ಯರು ಹೇಳಿದರೆ, ಅದನ್ನು ಅದರ ಸ್ವಭಾವಕ್ಕೆ ತಕ್ಕಂತೆ ನೋಡಿಕೊಳ್ಳಬಲ್ಲ ಮನೆಯನ್ನು ಹುಡುಕಿ ಒಪ್ಪಿಸಬೇಕು. ಇದಕ್ಕಿಂತ ಹಸನಾದ ಉತ್ತರ ನನ್ನಲ್ಲಿ ಇಲ್ಲ.

ಅರಿಯುವುದೆಂದರೆ ಆಹಾರವನ್ನಷ್ಟೇ ಅಲ್ಲ. ಬಾಲ ಅಲ್ಲಾಡಿತೆಂದರೆ ಸಂತೋಷ ಎಂದು ನಾವು ನಂಬಿದ್ದೇವೆ. ಮೈ ಸೆಟೆಸಿ ಬಾಲವನ್ನು ಮೇಲೆತ್ತಿ ಗಡಗಡನೆ ಅಲ್ಲಾಡಿಸುವ ನಾಯಿ ಕಚ್ಚಲೂಬಹುದು. ನಿದ್ದೆಯಿಲ್ಲದೆ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು ನಾಯಿಯ ಭಾಷೆಯಲ್ಲಿ ‘ಸಾಕು, ಬಿಡಿ’ ಎಂಬ ವಿನಂತಿ. ಮಕ್ಕಳು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುವಾಗ ಆ ವಿನಂತಿಯನ್ನು ಯಾರೂ ಕೇಳುವುದಿಲ್ಲ. ಕಚ್ಚಿದ ಮೇಲೆ ನಾಯಿಯನ್ನು ದೂರುತ್ತೇವೆ. ಬೆಕ್ಕಂತೂ ನೋವನ್ನು ಮುಚ್ಚಿಡುವುದರಲ್ಲಿ ನಿಸ್ಸೀಮ. ಊಟ ಬಿಟ್ಟು ಮೂಲೆ ಸೇರಿತೆಂದರೆ ಕಾಯಿಲೆ ಬಹಳ ದೂರ ಸಾಗಿದೆ ಎಂದೇ ಅರ್ಥ. ಗುರುಗುಟ್ಟುವ ಬೆಕ್ಕು ಯಾವಾಗಲೂ ಸುಖದಲ್ಲಿರುವುದಿಲ್ಲ, ನೋವಿನಲ್ಲಿಯೂ ಅದು ಹಾಗೆ ಸದ್ದು ಮಾಡುತ್ತದೆ.

ದೀಪಾವಳಿಯ ಮಾತನ್ನು ಇಲ್ಲಿ ಆಡದೆ ಇರಲಾರೆ. ನಮಗೆ ಅದು ಮಹಾವೀರ ಸ್ವಾಮಿಯ ನಿರ್ವಾಣ ಕಲ್ಯಾಣದ ದಿನ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಿದರೆ ನಾಯಿಯದು 40,000ವನ್ನೂ ಬೆಕ್ಕಿನದು 60,000ವನ್ನೂ ಮೀರುತ್ತದೆ. ನಮಗೆ ಕೇಳಿಸದ ಮೆಲುದನಿಯೂ ಅವಕ್ಕೆ ಕೇಳಿಸುತ್ತದೆ. ಅಂಥ ಕಿವಿಯ ಪಕ್ಕದಲ್ಲಿ ಪಟಾಕಿ ಸಿಡಿದರೆ ಹೇಗಿರಬೇಡ! ಹೆದರಿ ಓಡಿಹೋದ ನಾಯಿಗಳನ್ನು ಹುಡುಕುವ ಪ್ರಕಟಣೆಗಳು ಆ ವಾರವೆಲ್ಲ ಕಾಣುತ್ತವೆ. ಬೆಳಿಗ್ಗೆ ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ ಬಂದು ಸಂಜೆ ಬೀದಿಯಲ್ಲಿ ಸರಪಟಾಕಿ ಹಚ್ಚುವ ನಮ್ಮ ಹುಡುಗರನ್ನು ತಡೆಯದ ಹಿರಿಯರಿಗೆ ಅನುಮೋದನೆಯ ಪಾಲು ಬಾರದೇ? ನೆರೆಯವರು ಹಚ್ಚುವುದನ್ನು ತಡೆಯಲಾಗದಿದ್ದರೆ, ಒಳಕೋಣೆಯ ಕಿಟಕಿ ಮುಚ್ಚಿ ಅದರ ಹತ್ತಿರ ಕುಳಿತಿರಬಹುದು. ನಿರ್ವಾಣದ ಸಂಜೆಗೆ ಅದು ತಕ್ಕ ಸಾಮಾಯಿಕವೂ ಆದೀತು.

ಉಣ್ಣಿ ಚಿಗಟಗಳ ಬಗ್ಗೆ ಕೇಳುವವರು ಬಹಳ. ಅವೂ ಜೀವಗಳೇ, ಔಷಧ ಹಚ್ಚಿದರೆ ಸಾಯುತ್ತವೆ. ಹಚ್ಚದಿದ್ದರೆ ಅವು ತರುವ ರೋಗಗಳಿಂದ ನಾಯಿ ಸಾಯಬಹುದು. ಮನೆಯಲ್ಲಿ ಧಾನ್ಯಕ್ಕೆ ಹುಳು ಹಿಡಿದ ಮೇಲೆ ಕೊಲ್ಲುವುದಕ್ಕಿಂತ ಹಿಡಿಯದಂತೆ ಶೋಧಿಸಿ ಇಡುವುದನ್ನು ಕಲಿತವರು ನಾವು. ಅದೇ ಯತ್ನಾಚಾರ ಇಲ್ಲಿಯೂ ಸಲ್ಲುತ್ತದೆ: ಮಲಗುವ ಬಟ್ಟೆಯನ್ನು ಆಗಾಗ ಒಗೆದು ಬಿಸಿಲಿಗೆ ಹಾಕುವುದು, ನಿತ್ಯ ಮೈ ಬಾಚುವುದು, ನೆಲದ ಬಿರುಕುಗಳನ್ನು ಮುಚ್ಚುವುದು. ರೇಬಿಸ್ ಲಸಿಕೆಯಲ್ಲಿ ಮಾತ್ರ ಯಾವ ಸಂದೇಹಕ್ಕೂ ಎಡೆಯಿಲ್ಲ. ಮರಿಗೆ ಮೂರು ತಿಂಗಳಾಗುತ್ತಲೇ ಮೊದಲನೆಯದು, ಮುಂದೆ ವೈದ್ಯರು ಹೇಳಿದಂತೆ ಪ್ರತಿವರ್ಷ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಸಿನ ಹಚ್ಚಿ ಕೂರುವ ಕಾಲ ಇದಲ್ಲ. ನಮ್ಮ ನಾಯಿಯ ಬಗೆಗಿನ ಕರುಣೆ ನೆರೆಮನೆಯ ಮಗುವಿಗೆ ಮುಳುವಾಗಬಾರದು.

ಕೊನೆಗೆ ಮುಪ್ಪು. ಹನ್ನೆರಡು ಹದಿಮೂರು ವರ್ಷಗಳಿಗೆ ನಾಯಿಯ ಆಯುಷ್ಯ ತೀರುತ್ತ ಬರುತ್ತದೆ. ಕಣ್ಣು ಮಂಜಾದ, ಮನೆಯೊಳಗೇ ಮೂತ್ರ ಮಾಡಿಕೊಳ್ಳುವ ನಾಯಿಯನ್ನು ದೂರದ ಊರಿನ ರಸ್ತೆಬದಿಯಲ್ಲಿ ಇಳಿಸಿ ಬರುವವರಿದ್ದಾರೆ. ಬಸದಿಯ ಬಾಗಿಲಲ್ಲಿ ಬಿಟ್ಟುಹೋಗುವವರೂ ಇದ್ದಾರೆ. ಧರ್ಮಸ್ಥಾನವಾದ್ದರಿಂದ ಯಾರಾದರೂ ನೋಡಿಕೊಂಡಾರು ಎಂಬ ಲೆಕ್ಕ. ಅದು ಅಷ್ಟು ವರ್ಷ ಬಾಗಿಲು ಕಾದದ್ದು ಆ ‘ಯಾರಾದರೂ’ ಎಂಬುವರ ಮನೆಯದ್ದಲ್ಲ. ಅಂತ್ಯಕಾಲದಲ್ಲಿ ನೋವು ಕಡಿಮೆಯಾಗುವ ಔಷಧ, ಒಣಗಿದ ಹಾಸಿಗೆ, ತೊಟ್ಟು ನೀರು, ಪರಿಚಿತ ಕೈ, ಕಿವಿಯಲ್ಲಿ ಪಂಚನಮಸ್ಕಾರ ಇಷ್ಟನ್ನು ಯಾವ ಶ್ರಾವಕನೂ ಕೊಡಬಲ್ಲ.

ಕರಿಯ ಸತ್ತದ್ದು ಒಂದು ಮಳೆಗಾಲದ ಬೆಳಗಿನ ಜಾವ. ಎರಡು ದಿನದಿಂದ ಎದ್ದಿರಲಿಲ್ಲ. ತಂದೆಯವರು ಚಾವಡಿಯಲ್ಲಿ ಗೋಣಿ ಹಾಸಿ ಮಲಗಿಸಿ, ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತು ಮೆಲ್ಲನೆ ಣಮೋಕಾರ ಹೇಳುತ್ತಿದ್ದರು. ಉಸಿರು ನಿಂತ ಮೇಲೂ ಅವರ ಕೈ ಅವನ ಕುತ್ತಿಗೆಯ ಮೇಲಿತ್ತು. ಸರಪಳಿ ಬಿಚ್ಚಿ ಆರು ವರ್ಷವಾಗಿತ್ತು. ಕೊರಳಪಟ್ಟಿಯಿದ್ದ ಜಾಗದಲ್ಲಿ ಕೂದಲು ಮತ್ತೆ ಬಂದಿರಲಿಲ್ಲ. ತಂದೆಯವರು ಅಲ್ಲಿಯೇ ಬೆರಳಾಡಿಸುತ್ತಿದ್ದರು.